ಹೀತ್‌ಕ್ಲಿಫ್ ಮೇಲೆ ಕನಿಕರ ಯಾಕೆ ಬರುತ್ತೆ? ಬೈರನ್ ಹುಟ್ಟಿಸಿದ ನಾಯಕನ ಬಗ್ಗೆ

ಪ್ರಶ್ನೆ: ಸರ್, ಈಚೆಗೆ ಎಮಿಲಿ ಬ್ರಾಂಟೆಯ ವುದರಿಂಗ್ ಹೈಟ್ಸ್ ಕಾದಂಬರಿ ಓದಿ ಮುಗಿಸ್ದೆ. ಹೀತ್‌ಕ್ಲಿಫ್ ಹೆಂಡ್ತಿಗೆ ಕೊಡೋ ಹಿಂಸೆ ನೋಡಿದ್ರೆ ಮೈ ಉರಿಯುತ್ತೆ, ಆದ್ರೂ ಪುಸ್ತಕ ಮುಚ್ಚಿದ ಮೇಲೆ ಅವನ ಮೇಲೇ ಕನಿಕರ ಬರುತ್ತಲ್ಲ, ಯಾಕೆ? ಇಂಥವರನ್ನ ಬೈರನಿಕ್ ಹೀರೋ ಅಂತಾರಂತೆ. ಹಂಗಂದ್ರೆ ಸಮಾಜದ ಮೇಲೆ ಸಿಟ್ಟಿರೋ ಒಂಟಿ ಹೀರೋ ಅಂತಷ್ಟೇನಾ? ನಮ್ಮ ರನ್ನನ ದುರ್ಯೋಧನನ್ನೂ ಹಂಗೆ ಕರೀಬಹುದಾ? ಇದನ್ನೆಲ್ಲ ಎಲ್ಲಿಂದ ಓದೋಕೆ ಶುರು ಮಾಡ್ಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆ ಅನುಮಾನ ಇದೆ, ಅದನ್ನೇ ಹಿಡ್ಕೊಂಡು ಹೋಗೋಣ. ಸಿಟ್ಟು, ಒಂಟಿತನ, ಸಮಾಜದ ಜೊತೆ ಜಗಳ, ಇವೆಲ್ಲ ಆ ನಾಯಕನ ಹೊರಗಿನ ವೇಷ ಅಷ್ಟೇ. ಸಿಟ್ಟು ಯಾವ ಕಾಲದ ಕಥೆಯ ನಾಯಕನಿಗೆ ಇರಲಿಲ್ಲ ಹೇಳಿ. ಇಂಗ್ಲಿಷ್ ಕವಿ ಬೈರನ್‌ನ ನಾಯಕನನ್ನ ಬೇರೆ ಮಾಡೋದು ಇನ್ನೊಂದು ಸಂಗತಿ: ಅವನೊಳಗೆ ಒಂದು ಪಾಪಪ್ರಜ್ಞೆ ಇರುತ್ತೆ, ತಾನು ತಪ್ಪು ಮಾಡಿದೀನಿ ಅಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತೆ, ಆದ್ರೆ ಆ ತಪ್ಪಿಗೆ ಶಿಕ್ಷೆ ಕೊಡೋ ಅಧಿಕಾರ ಆಗಲಿ ಕ್ಷಮಿಸೋ ಅಧಿಕಾರ ಆಗಲಿ ಇನ್ಯಾರಿಗೂ ಇಲ್ಲ ಅಂತ ಅವನು ಹಟ ಹಿಡೀತಾನೆ. ರಾಜನಿಗೂ ಇಲ್ಲ, ಚರ್ಚಿಗೂ ಇಲ್ಲ, ದೇವರಿಗೂ ಇಲ್ಲ, ದೆವ್ವಕ್ಕೂ ಇಲ್ಲ. ಆರೋಪಿ, ಜಡ್ಜ್, ಗಲ್ಲಿಗೆ ಹಾಕೋನು ಮೂರೂ ತಾನೇ. ಅವನ ನಿಜವಾದ ಬಂಡಾಯ ಇದೇ. ಇದನ್ನ ಅಳತೆಗೋಲು ಮಾಡ್ಕೊಂಡ್ರೆ ಹೀತ್‌ಕ್ಲಿಫ್ ಪ್ರಶ್ನೆಗೂ ದುರ್ಯೋಧನನ ಪ್ರಶ್ನೆಗೂ ದಾರಿ ಸಿಗುತ್ತೆ.

ಮೊದಲು ಬೈರನ್ ಹತ್ರಾನೇ ಹೋಗೋಣ. 1812ರ ಮಾರ್ಚ್‌ನಲ್ಲಿ ಚೈಲ್ಡ್ ಹೆರಾಲ್ಡ್ಸ್ ಪಿಲ್ಗ್ರಿಮೇಜ್ ಕಾವ್ಯದ ಮೊದಲೆರಡು ಭಾಗ ಬಂತು, 500 ಪ್ರತಿ ಮೂರೇ ದಿನದಲ್ಲಿ ಖಾಲಿ, 24 ವರ್ಷದ ಹುಡುಗ ಲಂಡನ್ನಿನ ಮನೆಮಾತಾದ. ಅದಕ್ಕೆ ಎರಡು ವಾರಕ್ಕೂ ಕಮ್ಮಿ ಮುಂಚೆ, ಫೆಬ್ರವರಿ 27ಕ್ಕೆ, ಇದೇ ಹುಡುಗ ಬ್ರಿಟಿಷ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಭಾಷಣ ಮಾಡಿದ್ದ. ನಾಟಿಂಗ್‌ಹ್ಯಾಮ್ ಕಡೆ ಹೆಣಿಗೆ ಕೆಲಸದವರು ಹೊಟ್ಟೆಪಾಡು ಕಳ್ಕೊಂಡು ಮಗ್ಗಗಳನ್ನ ಒಡೀತಿದ್ರು, ಒಡೆದವರಿಗೆ ಮರಣದಂಡನೆ ಅಂತ ಸರ್ಕಾರ ಕಾನೂನು ತರ್ತಿತ್ತು, ಬೈರನ್ ಎದ್ದು ನಿಂತು ಆ ಕೆಲಸದವರ ಪರವಾಗಿ ಮಾತಾಡ್ದ. ಅಂದ್ರೆ ರಾಜಕೀಯದ ಬಂಡಾಯ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಆದ್ರೆ ಅವನ ಕಾವ್ಯದ ನಾಯಕರಲ್ಲಿ ನೀವು ಈ ತರದ ಬಂಡಾಯ ಹುಡುಕಿದ್ರೆ ಹೆಚ್ಚೇನೂ ಸಿಗಲ್ಲ, ಇದನ್ನ ಬಹಳ ಜನ ಗಮನಿಸಲ್ಲ. ಹೆರಾಲ್ಡ್ ಯಾರ ಪರವಾಗೂ ಹೋರಾಡಲ್ಲ, ಸುಖ ಉಂಡು ಉಂಡು ಬೇಸರ ಬಂದು ಊರು ಬಿಟ್ಟು ಪೋರ್ಚುಗಲ್, ಸ್ಪೇನ್, ಅಲ್ಬೇನಿಯಾ, ಗ್ರೀಸ್ ಸುತ್ತೋಕೆ ಹೋಗ್ತಾನೆ, ಅಷ್ಟೇ.

ನಾಯಕ ಪೂರ್ತಿ ರೂಪ ತಗೊಳ್ಳೋದು ಅದಾದ ಮೇಲೆ ಬಂದ ಪೂರ್ವದೇಶದ ಕಥನಕಾವ್ಯಗಳಲ್ಲಿ. 1813ರಲ್ಲಿ ದಿ ಜೌರ್ ಬಂತು. ಅದರಲ್ಲಿ ಹಸನ್ ಅನ್ನೋ ತುರ್ಕಿ ಸರದಾರ ತನ್ನ ಅಂತಃಪುರದ ಲೈಲಾ ಬೇರೆಯವನನ್ನ ಪ್ರೀತಿಸಿದ್ಲು ಅಂತ ಅವಳನ್ನ ಸಮುದ್ರದಲ್ಲಿ ಮುಳುಗಿಸ್ತಾನೆ, ಆ ಪ್ರೇಮಿ, ಅವನೇ ಜೌರ್, ಹಸನ್‌ನ ಕೊಂದು ಸೇಡು ತೀರಿಸ್ಕೋತಾನೆ, ಆಮೇಲೆ ಒಂದು ಕ್ರೈಸ್ತ ಮಠ ಸೇರ್ಕೊಂಡು ವರ್ಷಗಟ್ಟಲೆ ಅಲ್ಲೇ ಇರ್ತಾನೆ. ಮಠದಲ್ಲಿ ಇರ್ತಾನೆ ಆದ್ರೆ ಪ್ರಾರ್ಥನೆಗೆ ಮಂಡಿಯೂರಲ್ಲ! ಸಾಯೋ ಹೊತ್ತಲ್ಲಿ ಪಾದ್ರಿ ಹತ್ರ ಎಲ್ಲಾ ಹೇಳ್ಕೋತಾನೆ, ಆದ್ರೆ ಕ್ಷಮೆ ಬೇಡ ಅಂತಾನೆ, ಸ್ವರ್ಗಾನೂ ಬೇಡ, ಸುಮ್ನೆ ಮಲಗೋಕೆ ಬಿಟ್ರೆ ಸಾಕು ಅಂತಾನೆ. ಅಲ್ಲಿ ಅವನ ಒಂದು ಮಾತಿದೆ, ನನಗೆ ಇಡೀ ಕಾವ್ಯದಲ್ಲಿ ಅದೇ ಹೆಚ್ಚು ಭಯಂಕರ ಅನ್ಸೋದು: ಹಸನ್ ಮಾಡಿದ್ದನ್ನ, ಅವಳು ನನಗೆ ಮೋಸ ಮಾಡಿದ್ರೆ, ನಾನೂ ಮಾಡ್ತಿದ್ದೆ. ತಾನು ಕೊಂದ ಶತ್ರುವಿಗೂ ತನಗೂ ವ್ಯತ್ಯಾಸ ಇಲ್ಲ ಅಂತ ಒಪ್ಕೋತಿದಾನೆ. ಇಂಥ ಮಾತು ಬರೀ ಸಿಟ್ಟಿನ ಹೀರೋ ಬಾಯಲ್ಲಿ ಬರಲ್ಲ.

ಮುಂದಿನ ವರ್ಷ, 1814ರ ಫೆಬ್ರವರಿ 1ಕ್ಕೆ, ದಿ ಕೋರ್ಸೇರ್ ಬಂತು. ಒಂದೇ ದಿನಕ್ಕೆ 10,000 ಪ್ರತಿ ಹೋಯ್ತು, ಕವಿತೆ ಪುಸ್ತಕ ನೋಡಿ ಇದು. ಕಥೆ ಹೇಳ್ತೀನಿ ಯಾಕಂದ್ರೆ ಈ ನಾಯಕನ ಎಲ್ಲಾ ಲಕ್ಷಣ ಅದರಲ್ಲಿ ಒಂದೇ ಕಡೆ ಸಿಗುತ್ತೆ. ಕಾನ್ರಾಡ್ ಕಡಲ್ಗಳ್ಳರ ನಾಯಕ, ಬಿಳುಚಿದ ಎತ್ತರದ ಹಣೆ, ಕಪ್ಪು ಗುಂಗುರು ಕೂದಲು, ತುಟಿಯಲ್ಲಿ ಒಂದು ತಾತ್ಸಾರ, ತನ್ನ ಜೊತೆಗಾರರ ಮಧ್ಯೆ ಇದ್ರೂ ಅವರಲ್ಲಿ ಒಬ್ಬ ಅಲ್ಲ. ಲೋಕ ಅವನಿಗೆ ಮೋಸ ಮಾಡಿದೆ ಅಂತ ಬರುತ್ತೆ, ಏನು ಮೋಸ ಅಂತ ಮಾತ್ರ ಬೈರನ್ ಕೊನೆವರೆಗೂ ಹೇಳಲ್ಲ. ಮೆಡೋರಾ ಅನ್ನೋ ಹೆಂಗಸನ್ನ ಮಾತ್ರ ಪ್ರಾಣದಂಗೆ ಪ್ರೀತಿಸ್ತಾನೆ. ಸೆಯ್ದ್ ಪಾಷಾ ತನ್ನ ಮೇಲೆ ದಂಡೆತ್ತಿ ಬರೋ ಮುಂಚೆ ತಾನೇ ಫಕೀರನ ವೇಷದಲ್ಲಿ ಅವನ ಔತಣಕ್ಕೆ ನುಗ್ತಾನೆ, ಜಗಳ ಶುರುವಾಗುತ್ತೆ, ಅರಮನೆಗೆ ಬೆಂಕಿ ಬೀಳುತ್ತೆ, ಇನ್ನೇನು ಗೆದ್ದ ಅನ್ನೋವಾಗ ಜನಾನಾದಿಂದ ಹೆಂಗಸರ ಕೂಗು ಕೇಳ್ಸುತ್ತೆ. ಹೆಂಗಸರನ್ನ ಮುಟ್ಟಬಾರದು, ಉಳಿಸಬೇಕು ಅಂತ ಅವನ ನೇಮ, ಎಲ್ಲಾ ಬಿಟ್ಟು ಅವರನ್ನ ಹೊತ್ಕೊಂಡು ಹೊರಗೆ ತರ್ತಾನೆ, ಅಷ್ಟ್ರಲ್ಲಿ ಪಾಷಾಗೆ ಇವರು ಎಷ್ಟು ಕಮ್ಮಿ ಜನ ಅಂತ ಗೊತ್ತಾಗಿ ತಿರುಗಿ ಬೀಳ್ತಾನೆ, ಕಾನ್ರಾಡ್ ಸೆರೆ ಸಿಕ್ತಾನೆ. ಅವನಲ್ಲಿರೋ ಒಂದೇ ಒಂದು ಒಳ್ಳೆತನಾನೇ ಅವನನ್ನ ಹಿಡ್ಕೊಡುತ್ತೆ.

ಹಂಗೆ ಉಳಿದವಳಲ್ಲಿ ಗುಲ್ನಾರ್ ಅಂತ ಒಬ್ಬಳು, ಪಾಷಾನ ಮೆಚ್ಚಿನ ದಾಸಿ. ರಾತ್ರಿ ಸೆರೆಮನೆಗೆ ಬಂದು ಚೂರಿ ಕೊಡ್ತಾಳೆ, ಪಾಷಾ ಮಲಗಿದಾನೆ, ಹೋಗಿ ಮುಗಿಸು ಅಂತಾಳೆ. ಮಲಗಿರೋನನ್ನ ಕೊಲ್ಲಲ್ಲ ಅಂತಾನೆ ಕಾನ್ರಾಡ್. ಹಂಗಾದ್ರೆ ನಾನೇ ಮಾಡ್ತೀನಿ ಅಂತ ಹೋಗ್ತಾಳೆ, ವಾಪಸ್ ಬಂದಾಗ ಅವಳ ಹಣೆ ಮೇಲೆ ಒಂದು ಹನಿ ರಕ್ತ. ಎಷ್ಟೋ ಹೆಣ ಉರುಳಿಸಿದ ಕಡಲ್ಗಳ್ಳ ಆ ಒಂದು ಹನಿ ನೋಡಿ ನಡುಗಿಹೋಗ್ತಾನೆ. ಈ ಕಾವ್ಯದಲ್ಲಿ ನಿಜವಾದ ಬಂಡಾಯಗಾರ ಯಾರು ಅಂತ ನನ್ನ ಕೇಳಿದ್ರೆ ಗುಲ್ನಾರ್ ಅಂತೀನಿ. ದಾಸಿಯಾಗಿ ಬದುಕಿದವಳು, ಒಡೆಯನನ್ನ ಕೊಂದು ಬಿಡುಗಡೆ ತಗೊಂಡ್ಲು, ನಾಯಕ ಮಾತ್ರ ತನ್ನ ಮರ್ಯಾದೆಯ ಲೆಕ್ಕದಲ್ಲೇ ನಿಂತ. ವಾಪಸ್ ದ್ವೀಪಕ್ಕೆ ಬಂದ್ರೆ ಮೆಡೋರಾ ಸತ್ತಿದಾಳೆ, ಕಾನ್ರಾಡ್ ಮಗು ತರ ಅಳ್ತಾನೆ, ಮರುದಿನ ಕಾಣೆ. ಒಂದು ಗುಣಕ್ಕೂ ಸಾವಿರ ಪಾತಕಕ್ಕೂ ಗಂಟು ಬಿದ್ದ ಹೆಸರೊಂದನ್ನ ಬಿಟ್ಟು ಹೋದ ಅಂತ ಕಾವ್ಯ ಮುಗಿಯುತ್ತೆ.

ಆ ಗುಟ್ಟನ್ನ ಹೇಳದೆ ಉಳಿಸ್ಕೊಳ್ಳೋದು ಇದೆಯಲ್ಲ, ಅದು ಇಡೀ ತಂತ್ರದ ಬೆನ್ನೆಲುಬು. ಅವನು ಏನು ಮಾಡಿದ ಅಂತ ಪೂರ್ತಿ ಹೇಳಿಬಿಟ್ರೆ ನಾವು ತೀರ್ಪು ಕೊಟ್ಟು ಎದ್ದು ಹೋಗ್ತೀವಿ. ಹೇಳದೆ ಬರೀ ನೋವಿನ ಗುರುತು ಮಾತ್ರ ತೋರಿಸಿದ್ರೆ, ಓದೋರು ತಮ್ಮ ತಮ್ಮ ನೋವನ್ನ, ಯಾರಿಗೂ ಹೇಳದ ತಪ್ಪುಗಳನ್ನ ಆ ಖಾಲಿ ಜಾಗದಲ್ಲಿ ತುಂಬ್ಕೋತಾರೆ. ಕನಿಕರ ಹುಟ್ಟೋದು ಅಲ್ಲಿ.

ಇದನ್ನ ಬೈರನ್ ಶೂನ್ಯದಿಂದ ತರ್ಲಿಲ್ಲ. ಮಿಲ್ಟನ್‌ನ ಪ್ಯಾರಡೈಸ್ ಲಾಸ್ಟ್ 1667ರಲ್ಲಿ ಬಂದಿದ್ದು, ಅದರಲ್ಲಿ ಸೈತಾನನ ಒಂದು ಸ್ವಗತ ಇದೆ, ನಾಲ್ಕನೇ ಭಾಗದಲ್ಲಿ. ಸ್ವರ್ಗದಿಂದ ಬಿದ್ದ ಮೇಲೆ ಸೂರ್ಯನನ್ನ ನೋಡಿ ಅವನಿಗೆ ಸಂಕಟ ಆಗುತ್ತೆ, ಪಶ್ಚಾತ್ತಾಪಕ್ಕೆ ಜಾಗ ಇಲ್ವಾ ಅಂತ ತನ್ನನ್ನೇ ಕೇಳ್ಕೋತಾನೆ, ಇದೆ, ಆದ್ರೆ ಶರಣಾಗಬೇಕು, ಆ ಮಾತು ನನ್ನಿಂದ ಆಗಲ್ಲ ಅಂತ ಉತ್ತರಾನೂ ತಾನೇ ಕೊಡ್ಕೋತಾನೆ. ನಾನು ಎಲ್ಲಿ ಹೋದ್ರೂ ನರಕಾನೇ, ಯಾಕಂದ್ರೆ ನಾನೇ ನರಕ ಅಂತ ಹೇಳೋದೂ ಅಲ್ಲೇ. ಈ ಭಾಗವನ್ನ ಒಂದು ಸಲ ಗಟ್ಟಿಯಾಗಿ ಓದಿ, ಬೈರನ್‌ನ ಅರ್ಧ ಅಲ್ಲೇ ಸಿಗುತ್ತೆ. ಮಿಲ್ಟನ್‌ಗೆ ಸೈತಾನ ನಾಯಕ ಆಗಿರಲಿಲ್ಲ, ಆದ್ರೆ ಮಿಲ್ಟನ್ ತನಗೇ ಗೊತ್ತಿಲ್ಲದೆ ಸೈತಾನನ ಪಕ್ಷದವನು ಅಂತ ಕವಿ ಬ್ಲೇಕ್ 1790ರ ದಶಕದಲ್ಲೇ ಬರೆದಿದ್ದ, ಕವಿ ಶೆಲ್ಲಿ ತನ್ನ ಪ್ರಾಮಿಥ್ಯೂಸ್ ಅನ್‌ಬೌಂಡ್ ನಾಟಕಕ್ಕೆ ಬರೆದ ಮುನ್ನುಡಿಯಲ್ಲೂ ಸೈತಾನನನ್ನ ಪಕ್ಕಕ್ಕಿಟ್ಟು ತೂಗಿ ನೋಡ್ತಾನೆ. ಜರ್ಮನಿಯಲ್ಲಿ ಶಿಲ್ಲರ್ ಬರೆದ ದಿ ರಾಬರ್ಸ್ ನಾಟಕ 1782ರಲ್ಲಿ ಮಾನ್‌ಹೈಮ್‌ನಲ್ಲಿ ರಂಗಕ್ಕೆ ಬಂತು. ತಮ್ಮನ ಮೋಸದಿಂದ ಮನೆಯಿಂದ ಹೊರಬಿದ್ದ ಕಾರ್ಲ್ ಮೋರ್ ಡಕಾಯಿತರ ನಾಯಕ ಆಗ್ತಾನೆ, ಆದ್ರೆ ಕೊನೆಗೆ ಏನು ಮಾಡ್ತಾನೆ ನೋಡಿ, ತನ್ನ ತಲೆಗೆ ಬಹುಮಾನ ಇದೆ, ಹನ್ನೊಂದು ಮಕ್ಕಳಿರೋ ಒಬ್ಬ ಬಡ ಕೂಲಿಯವನಿಗೆ ಆ ದುಡ್ಡು ಸಿಗಲಿ ಅಂತ ತಾನೇ ಹೋಗಿ ಅವನ ಮೂಲಕ ಕಾನೂನಿಗೆ ಒಪ್ಪಿಸ್ಕೋತಾನೆ. ಎಂಥ ದೊಡ್ಡ ಮನಸ್ಸು! ಆದ್ರೆ ಅದೇ ಕಾರಣಕ್ಕೆ ಅವನು ಬೈರನ್‌ನ ನಾಯಕ ಅಲ್ಲ, ಯಾಕಂದ್ರೆ ಹೊರಗಿನ ನ್ಯಾಯವನ್ನ ಕೊನೆಗೆ ಒಪ್ಕೊಂಡ. ಗಯಟೆಯ ವರ್ಥರ್ (1774) ಕೂಡ ಹತ್ತಿರದ ನೆಂಟನೇ, ಅವನಲ್ಲಿ ದುಃಖ ಇದೆ, ಪಾಪದ ಭಾರ ಇಲ್ಲ. ಆನ್ ರಾಡ್‌ಕ್ಲಿಫ್ ಕಾದಂಬರಿಗಳ ಮೊಂಟೋನಿ, ಸ್ಕೆಡೋನಿ ತರದ ಖಳರಿಂದ ಬೈರನ್ ಆ ಬಿಳುಚಿದ ಮುಖ, ಚುಚ್ಚೋ ನೋಟ ಎಲ್ಲಾ ತಗೊಂಡ. ಬೇರೆಯವರು ಹೊರಗೆ ನಿಂತು ಹೆದರ್ಕೊಂಡು ನೋಡ್ತಿದ್ದ ಖಳನನ್ನ ಇವನು ಕಥೆ ಮಧ್ಯಕ್ಕೆ ತಂದು ನಿಲ್ಲಿಸ್ದ, ಓದೋರನ್ನ ಅವನ ಪಕ್ಕ ನಿಲ್ಲಿಸ್ದ.

ಕಾಲಾನೂ ಹಂಗೇ ಇತ್ತು. ಫ್ರೆಂಚ್ ಕ್ರಾಂತಿ ಎಲ್ಲವನ್ನೂ ಬದಲಾಯಿಸುತ್ತೆ ಅಂತ ನಂಬಿದ್ದ ಒಂದು ತಲೆಮಾರು ತಲೆ ಕತ್ತರಿಸೋ ಗಿಲೊಟಿನ್ ನೋಡ್ತು, ಆಮೇಲೆ ನೆಪೋಲಿಯನ್‌ನ ನೋಡ್ತು, 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ಅವನು ಸೋತು ಹಳೇ ರಾಜರೆಲ್ಲ ವಾಪಸ್ ಬಂದು ಕೂತ್ರು. ಹೋರಾಡೋಕೆ ದಾರಿ ಕಾಣದ ಬಂಡಾಯ ಒಳಗೇ ಕುದಿಯುತ್ತಲ್ಲ, ಆ ಕುದಿಗೆ ಕಾನ್ರಾಡ್, ಬೈರನ್‌ನ ಇನ್ನೊಂದು ಕಾವ್ಯದ ನಾಯಕ ಲಾರಾ ಅಂಥವರು ಮುಖ ಆದ್ರು.

ಈಗ ಮ್ಯಾನ್‌ಫ್ರೆಡ್. ನನ್ನ ಪ್ರಕಾರ ಬೈರನಿಕ್ ಹೀರೋ ಬಗ್ಗೆ ಒಂದೇ ಒಂದು ಕೃತಿ ಓದ್ಬೇಕು ಅಂದ್ರೆ ಇದನ್ನೇ ಓದ್ಬೇಕು. 1816 ಬೈರನ್ ಪಾಲಿಗೆ ಕೆಟ್ಟ ವರ್ಷ, ಮದುವೆಯಾಗಿ ಒಂದು ವರ್ಷ ಆಗಿತ್ತಷ್ಟೇ, ಹೆಂಡತಿ ಆನಬೆಲ್ಲಾ ತಿಂಗಳ ಕೂಸನ್ನ ಎತ್ಕೊಂಡು ತವರಿಗೆ ಹೋದವಳು ತಿರುಗಿ ಬರ್ಲಿಲ್ಲ, ಮಲಅಕ್ಕ ಆಗಸ್ಟಾ ಜೊತೆ ಸಂಬಂಧ ಇದೆ ಅಂತ ಊರೆಲ್ಲ ಗುಸುಗುಸು, ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಬಿಟ್ಟ, ಜೀವಂತ ವಾಪಸ್ ಹೋಗ್ಲೇ ಇಲ್ಲ. ಆ ಬೇಸಿಗೆ ಜಿನೀವಾ ಸರೋವರದ ದಡದಲ್ಲಿ ವಿಲ್ಲಾ ಡಿಯೊಡಾಟಿ ಅನ್ನೋ ಮನೆಯಲ್ಲಿದ್ದ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿಗೆಲ್ಲ ಬೇಸಿಗೇನೇ ಇಲ್ಲದಂಗೆ ಆಗಿತ್ತು, ಮಳೆ ಅಂದ್ರೆ ಮಳೆ, ಒಳಗೇ ಕೂತು ದೆವ್ವದ ಕಥೆ ಬರೆಯೋಣ ಅಂತ ಬೈರನ್ ಹೇಳ್ದ, ಅಲ್ಲಿಂದ ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್ ಹುಟ್ತು. ಬೈರನ್‌ನ ಡಾಕ್ಟರ್ ಪೊಲಿಡೋರಿ ಬರೆದ ದಿ ವ್ಯಾಂಪೈರ್ 1819ರಲ್ಲಿ ಬೈರನ್ ಹೆಸರಲ್ಲೇ ಅಚ್ಚಾಯ್ತು, ಆ ಕಥೆಯ ರಕ್ತ ಹೀರೋ ಲಾರ್ಡ್ ರುತ್ವೆನ್‌ನ ಒಳಗೆ ಬೈರನ್ನೇ ಇದಾನೆ ಅಂತ ಓದಿದವರಿಗೆಲ್ಲ ಗೊತ್ತಾಗ್ತಿತ್ತು. ಇವತ್ತಿನ ಚೆಂದದ, ಶ್ರೀಮಂತ, ಬಿಳುಚಿದ ಮುಖದ ವ್ಯಾಂಪೈರ್‌ಗಳೆಲ್ಲ ಆ ಕಥೆಯ ಸಂತಾನ.

ಅದೇ ವರ್ಷ ಆಲ್ಪ್ಸ್ ಸುತ್ತಾಡಿ ಬಂದು ಬೈರನ್ ಬರೆಯೋಕೆ ಶುರು ಮಾಡಿದ್ದು ಮ್ಯಾನ್‌ಫ್ರೆಡ್, 1817ರಲ್ಲಿ ಪ್ರಕಟ ಆಯ್ತು. ನಾಯಕ ಬೆಟ್ಟದ ಕೋಟೆಯಲ್ಲಿ ಒಬ್ಬನೇ ಇರ್ತಾನೆ, ಅಸ್ಟಾರ್ಟೆ ಅನ್ನೋಳು ಸತ್ತಿದಾಳೆ, ಅವಳ ಸಾವಿಗೆ ತಾನೇ ಕಾರಣ ಅಂತಾನೆ, ಹೇಗೆ ಅಂತ ಯಥಾಪ್ರಕಾರ ಹೇಳಲ್ಲ. ಭೂತಗಳನ್ನ ಕರೆದು ಕೇಳೋದು ಐಶ್ವರ್ಯ ಅಲ್ಲ, ಮರೆವು. ಅದು ಸಿಗಲ್ಲ. ಯುಂಗ್‌ಫ್ರೌ ಶಿಖರದಿಂದ ಹಾರೋಕೆ ಹೋದ್ರೆ ಒಬ್ಬ ಬೇಟೆಗಾರ ಹಿಡಿದು ಉಳಿಸ್ತಾನೆ. ಕೊನೆಗೆ ಸಾಯೋ ರಾತ್ರಿ ಒಂದು ಕಡೆ ಮಠದ ಗುರು ಬಂದು ನಿಲ್ತಾನೆ, ಪ್ರಾರ್ಥನೆ ಮಾಡು, ಇನ್ನೂ ಹೊತ್ತಿದೆ ಅಂತಾನೆ, ಒಳ್ಳೆ ಮನುಷ್ಯ, ನಿಜವಾದ ಕಾಳಜಿ. ಇನ್ನೊಂದು ಕಡೆ ದೆವ್ವಗಳು ಬಂದು ನಮ್ಮ ಜೊತೆ ನಡಿ ಅಂತವೆ. ಬೇರೆ ಯಾವ ಕಥೆಯಲ್ಲಾದ್ರೂ ಇವೆರಡರಲ್ಲಿ ಒಂದು ಗೆಲ್ಲುತ್ತೆ. ಮ್ಯಾನ್‌ಫ್ರೆಡ್ ಇಬ್ಬರನ್ನೂ ಹೊರಗೆ ಹಾಕ್ತಾನೆ. ನಾನು ನಿಮ್ಮ ಬಲೆಗೆ ಬಿದ್ದೋನಲ್ಲ, ನಿಮ್ಮ ಬೇಟೆಯೂ ಅಲ್ಲ, ನನ್ನನ್ನ ನಾಶ ಮಾಡಿದ್ದು ನಾನೇ, ಇನ್ನು ಮುಂದೆಯೂ ನಾನೇ ಅಂತಾನೆ ದೆವ್ವಗಳಿಗೆ. ಗುರುವಿನ ಕೈ ಹಿಡ್ಕೊಂಡು, ಮುದುಕಪ್ಪಾ, ಸಾಯೋದು ಅಷ್ಟೇನೂ ಕಷ್ಟ ಅಲ್ಲ ಅಂತ ಹೇಳಿ ಪ್ರಾಣ ಬಿಡ್ತಾನೆ. ಮೊದಲ ಮುದ್ರಣದಲ್ಲಿ ಈ ಕೊನೆ ಸಾಲನ್ನ ತೆಗೆದುಹಾಕಿದ್ರು, ಬೈರನ್ ಕೆಂಡಾಮಂಡಲ ಆಗಿ ಪ್ರಕಾಶಕ ಜಾನ್ ಮರ್ರೇಗೆ ಕಾಗದ ಬರೆದ, ಕಾವ್ಯದ ಪರಿಣಾಮಾನೂ ನೀತಿನೂ ಎರಡೂ ಹಾಳು ಮಾಡಿದೀರಿ ಅಂತ. ಅವನಿಗೆ ಅದೊಂದು ಸಾಲು ಎಷ್ಟು ಮುಖ್ಯ ಆಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತೆ.

ಇಷ್ಟು ಇಟ್ಕೊಂಡು ಈಗ ನಿಮ್ಮ ಹೀತ್‌ಕ್ಲಿಫ್ ಹತ್ರ ಬನ್ನಿ. ಬ್ರಾಂಟೆ ಅಕ್ಕತಂಗಿಯರು ಹಾವರ್ಥ್‌ನ ಪಾದ್ರಿ ಮನೆಯಲ್ಲಿ ಬೈರನ್‌ನ ಓದ್ಕೊಂಡೇ ಬೆಳೆದವರು, ಚಾರ್ಲೆಟ್ ಚಿಕ್ಕವಳಿದ್ದಾಗ ಕಟ್ಟಿದ ಆಂಗ್ರಿಯಾ ಅನ್ನೋ ಕಲ್ಪನೆಯ ರಾಜ್ಯಕ್ಕೆ ಜಮೋರ್ನಾ ಅಂತ ಪಕ್ಕಾ ಬೈರನ್ ಅಚ್ಚಿನ ನಾಯಕ ಇದ್ದ. 1847ರಲ್ಲಿ ಚಾರ್ಲೆಟ್‌ನ ಜೇನ್ ಐರ್, ಎಮಿಲಿಯ ವುದರಿಂಗ್ ಹೈಟ್ಸ್ ಎರಡೂ ಕೆಲವೇ ವಾರಗಳ ಅಂತರದಲ್ಲಿ ಬಂದವು. ಹೀತ್‌ಕ್ಲಿಫ್‌ಗೆ ವೇಷ ಎಲ್ಲಾ ಸರಿಯಾಗಿದೆ: ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಅನಾಥ, ಕಪ್ಪು ಮೈಬಣ್ಣ, ಯಾರ ಮಗ ಗೊತ್ತಿಲ್ಲ, ಮೂರು ವರ್ಷ ಕಾಣೆಯಾಗಿ ದುಡ್ಡು ಮಾಡ್ಕೊಂಡು ಬರ್ತಾನೆ, ಹೇಗೆ ಮಾಡ್ದ ಅಂತ ಎಮಿಲಿ ಕೊನೆವರೆಗೂ ಹೇಳಲ್ಲ. ಅದೇ ಖಾಲಿ ಜಾಗ. ಆದ್ರೆ ಒಳಗಿನ ಮುಖ್ಯ ವಸ್ತು ಇಲ್ಲ! ಸಾಯೋ ಮುಂಚೆ ಮನೆಗೆಲಸದ ನೆಲ್ಲಿ ಅವನಿಗೆ ಬೈಬಲ್ ಓದು, ಪಾದ್ರಿ ಕರೆಸ್ತೀನಿ, ಪಶ್ಚಾತ್ತಾಪ ಪಡು ಅಂದಾಗ ಏನಂತಾನೆ ನೆನಪಿದೆಯಾ, ನಾನೇನೂ ಅನ್ಯಾಯ ಮಾಡಿಲ್ಲ, ಪಶ್ಚಾತ್ತಾಪ ಪಡೋಕೆ ಏನೂ ಇಲ್ಲ ಅಂತಾನೆ. ಜೌರ್ ಆಗಲಿ ಮ್ಯಾನ್‌ಫ್ರೆಡ್ ಆಗಲಿ ಈ ಮಾತು ಹೇಳೋಕೆ ಸಾಧ್ಯಾನೇ ಇಲ್ಲ. ಹಂಗಾಗಿ ಹೀತ್‌ಕ್ಲಿಫ್‌ನ ಸೀದಾ ಬೈರನಿಕ್ ಹೀರೋ ಅಂದುಬಿಡೋದು ನನಗೆ ಒಪ್ಪಿಗೆ ಇಲ್ಲ. ಎಮಿಲಿ ಬೈರನ್‌ನ ನಾಯಕನಿಂದ ಪಾಪಪ್ರಜ್ಞೆಯನ್ನ ತೆಗೆದುಬಿಟ್ಟು ಆಮೇಲೆ ಏನು ಉಳಿಯುತ್ತೆ ಅಂತ ತೋರಿಸ್ತಿದಾಳೆ.

ಇದು ಅವಳು ಗೊತ್ತಿದ್ದೇ ಮಾಡಿರೋದು ಅನ್ನೋಕೆ ಪುರಾವೆ ಹೀತ್‌ಕ್ಲಿಫ್‌ನ ಹೆಂಡತಿ ಇಸಬೆಲ್ಲಾ. ಇಸಬೆಲ್ಲಾ ಮನೆಬಿಟ್ಟು ಇವನ ಜೊತೆ ಓಡಿಬಂದಿದ್ದು ಯಾಕೆ ಅಂತ ಹೀತ್‌ಕ್ಲಿಫ್ ತಾನೇ ನೆಲ್ಲಿಗೆ ಹೇಳ್ತಾನೆ: ನನ್ನಲ್ಲಿ ಅವಳು ಪ್ರೇಮಕಥೆಯ ನಾಯಕನನ್ನ ಕಂಡ್ಲು, ಭ್ರಮೆ ಅದು, ಬರುವಾಗ ಅವಳ ಕಣ್ಣೆದುರೇ ಅವಳ ನಾಯಿಮರಿಯನ್ನ ನೇಣಿಗೆ ಹಾಕಿದ್ರೂ ಅವಳಿಗೆ ಬುದ್ಧಿ ಬರ್ಲಿಲ್ಲ ಅಂತ. ಅಂದ್ರೆ ಬೈರನ್ ಓದಿ ಮರುಳಾದವರ ತರದ ಒಬ್ಬ ಹೆಣ್ಣು ಕಾದಂಬರಿಯ ಒಳಗೇ ಇದಾಳೆ, ಅವಳಿಗೆ ಏನಾಗುತ್ತೆ ಅನ್ನೋದೂ ಇದೆ. ಇಂಥ ಗಂಡಸಿನ ಕಣ್ಣಲ್ಲಿರೋ ನೋವು ನೋಡಿ ನಾನು ಇವನನ್ನ ಸರಿ ಮಾಡ್ತೀನಿ ಅಂತ ಹೊರಟ ಹೆಣ್ಣುಮಕ್ಕಳು ಕಥೆಯಲ್ಲಿ ಮಾತ್ರ ಇರಲಿಲ್ಲ, ಬೈರನ್‌ನ ತಿದ್ದಬಹುದು ಅಂತ ಆನಬೆಲ್ಲಾ ಕೂಡ ನಂಬಿದ್ಲು. ನನಗೆ ಪಾಠ ಮಾಡೋವಾಗ ಇಲ್ಲಿ ಯಾವಾಗ್ಲೂ ಸ್ವಲ್ಪ ಗಂಟಲು ಕಟ್ಟುತ್ತೆ, ಯಾಕಂದ್ರೆ ಎದುರಿಗೆ ಕೂತಿರೋರಲ್ಲಿ ಯಾರೋ ಒಬ್ಬರಿಗೆ ಇದು ಬರೀ ಸಾಹಿತ್ಯದ ವಿಷಯ ಆಗಿರಲ್ಲ.

ಹಂಗಾದ್ರೆ ಅಂಥವನ ಮೇಲೆ ನಿಮಗೆ ಕನಿಕರ ಬಂದಿದ್ದು ತಪ್ಪಾ? ಅಲ್ಲವೇ ಅಲ್ಲ. ಎಮಿಲಿ ಅವನ ಬಾಲ್ಯವನ್ನ ನಮ್ಮ ಕಣ್ಣೆದುರೇ ನಡೆಸಿದಾಳೆ. ಅವನು ಪ್ರೀತಿಸಿದ ಕ್ಯಾಥರೀನ್‌ಳ ಅಣ್ಣ ಹಿಂಡ್ಲಿ ಅವನನ್ನ ಮನೆಮಗನ ಜಾಗದಿಂದ ಆಳಿನ ಜಾಗಕ್ಕೆ ತಳ್ಳಿದ್ದು, ಹೊಡೆದಿದ್ದು, ಓದು ತಪ್ಪಿಸಿದ್ದು ಎಲ್ಲಾ ನಾವು ನೋಡಿದೀವಿ. ಹೀತ್‌ಕ್ಲಿಫ್‌ನ ಮದುವೆಯಾದ್ರೆ ನನ್ನ ಮಟ್ಟ ಇಳಿಯುತ್ತೆ ಅಂತ ಕ್ಯಾಥರೀನ್ ಹೇಳೋದನ್ನ ಅವನು ಕೇಳಿಸ್ಕೊಂಡು ಎದ್ದು ಹೋಗ್ತಾನೆ, ಅದರ ಹಿಂದೇನೇ ಅವಳು ಅವನು ನನಗಿಂತ ಹೆಚ್ಚು ನಾನೇ ಅಂತ ಹೇಳಿದ್ದು ಅವನ ಕಿವಿಗೆ ಬೀಳ್ಲಿಲ್ಲ, ನಮ್ಮ ಕಿವಿಗೆ ಬಿತ್ತು. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ಅದಕ್ಕೇ ಅವನು ಮುಂದೆ ಏನೇ ಮಾಡಿದ್ರೂ ಆವತ್ತು ಎದ್ದು ಹೋದ ಆ ಹುಡುಗ ನಮ್ಮ ಮನಸ್ಸಿಂದ ಹೋಗಲ್ಲ. ಕನಿಕರ ಇರಲಿ, ಅದರ ಜೊತೆ ಇಸಬೆಲ್ಲಾಳ ಕಾಗದದ ಅಧ್ಯಾಯವನ್ನೂ ಮತ್ತೊಂದ್ಸಲ ಓದಿ ಅಂತ ಕೇಳ್ಕೋತೀನಿ.

ಜೇನ್ ಐರ್‌ನ ರಾಚೆಸ್ಟರ್ ಇನ್ನೊಂದು ದಿಕ್ಕಿಗೆ ಹೋಗ್ತಾನೆ. ಅವನಲ್ಲಿ ಗುಟ್ಟೂ ಇದೆ ಪಾಪಾನೂ ಇದೆ, ಮೊದಲ ಹೆಂಡತಿಯನ್ನ ಮೇಲಿನ ಮಹಡಿಯಲ್ಲಿ ಕೂಡಿಹಾಕಿ ಇನ್ನೊಂದು ಮದುವೆಗೆ ನಿಲ್ತಾನೆ, ಲೋಕದ ಮಾತಿಗೆ ನಾನು ಜಗ್ಗಲ್ಲ ಅಂತಾನೆ. ಆದ್ರೆ ಚಾರ್ಲೆಟ್ ಅವನನ್ನ ಬಗ್ಗಿಸ್ತಾಳೆ, ಮನೆ ಸುಟ್ಟುಹೋಗಿ, ಕಣ್ಣು ಹೋಗಿ, ಒಂದು ಕೈ ಹೋಗಿ, ಕೊನೆಗೆ ಈಗೀಗ ಪ್ರಾರ್ಥನೆ ಮಾಡ್ತೀನಿ ಅಂತ ಜೇನ್ ಹತ್ರ ಅವನೇ ಒಪ್ಕೋತಾನೆ. ಮ್ಯಾನ್‌ಫ್ರೆಡ್ ತನ್ನ ಜೀವ ಕೊಟ್ರೂ ಕೊಡದಿದ್ದನ್ನ ರಾಚೆಸ್ಟರ್ ಕೊಟ್ಟ, ಅದಕ್ಕೇ ಅವನಿಗೆ ಸಂಸಾರ ಸಿಕ್ತು. ಜೇನ್ ಆಸ್ಟಿನ್ ಅಂತೂ ಇವರೆಲ್ಲರಿಗಿಂತ ಮುಂಚೇನೇ ಈ ಗೀಳನ್ನ ಗುರುತಿಸಿದ್ಲು, ಅವಳು ತೀರ್ಕೊಂಡ ಮೇಲೆ 1817ರ ಕೊನೆಗೆ ಬಂದ ಪರ್ಸುಯೇಷನ್ ಕಾದಂಬರಿಯಲ್ಲಿ ಕ್ಯಾಪ್ಟನ್ ಬೆನ್ವಿಕ್ ಅಂತ ಒಬ್ಬ, ಮದುವೆಯಾಗಬೇಕಿದ್ದ ಹುಡುಗಿ ಸತ್ತ ದುಃಖದಲ್ಲಿ ಬೈರನ್ ಕವಿತೆಗಳನ್ನೇ ನಡುಗೋ ದನಿಯಲ್ಲಿ ಹೇಳ್ಕೋತಿರ್ತಾನೆ, ಆನ್ ಎಲಿಯಟ್ ಅವನಿಗೆ ಮೃದುವಾಗಿ ಸ್ವಲ್ಪ ಗದ್ಯಾನೂ ಜಾಸ್ತಿ ಓದಿ ಅಂತ ಸಲಹೆ ಕೊಡ್ತಾಳೆ.

ರಷ್ಯಾ ಬಗ್ಗೆ ಹೇಳದೆ ಬಿಟ್ರೆ ಈ ಉತ್ತರ ಅರ್ಧ ಆಗುತ್ತೆ. ಪುಷ್ಕಿನ್‌ನ ಎವ್ಗೆನಿ ಒನೆಗಿನ್‌ನಲ್ಲಿ ಏಳನೇ ಅಧ್ಯಾಯ ನೋಡಿ: ತನ್ನ ಪ್ರೀತಿಯನ್ನ ನಿರಾಕರಿಸಿ, ಗೆಳೆಯನನ್ನ ಡ್ಯುಯೆಲ್‌ನಲ್ಲಿ, ಅಂದ್ರೆ ಪಿಸ್ತೂಲು ಹಿಡಿದು ಇಬ್ಬರೇ ಕಾದಾಡೋ ಪಂದ್ಯದಲ್ಲಿ, ಕೊಂದು ಊರು ಬಿಟ್ಟ ಒನೆಗಿನ್‌ನ ಖಾಲಿ ಮನೆಗೆ ತತ್ಯಾನಾ ಹೋಗ್ತಾಳೆ. ಗೋಡೆ ಮೇಲೆ ಬೈರನ್ ಚಿತ್ರ, ಮೇಜಿನ ಹತ್ರ ನೆಪೋಲಿಯನ್‌ನ ಎರಕದ ಬೊಂಬೆ. ಅವನು ಓದ್ತಿದ್ದ ಪುಸ್ತಕಗಳನ್ನ ತೆಗೆದು, ಅಂಚಿನಲ್ಲಿ ಅವನು ಹಾಕಿದ್ದ ಗೀಟು, ಉಗುರಿನ ಗುರುತು ನೋಡ್ತಾ ನೋಡ್ತಾ ಅವಳಿಗೆ ಹೊಳೆಯುತ್ತೆ, ಇವನು ಬರೀ ಒಂದು ಅಣಕವಾ? ಯಾರದ್ದೋ ಪಾತ್ರವನ್ನ ಹಾಕ್ಕೊಂಡು ಬದುಕ್ತಿದ್ನಾ? ಪ್ರೀತಿಸಿದ ಹುಡುಗಿ ಒಂದು ಲೈಬ್ರರಿಯಲ್ಲಿ ಕೂತು ತನ್ನ ಪ್ರೀತಿಯನ್ನ ಅರ್ಥ ಮಾಡ್ಕೊಳ್ಳೋ ಈ ಭಾಗಕ್ಕೆ ಸಾಟಿಯಾದದ್ದು ಈ ವಿಷಯದಲ್ಲಿ ನಾನು ಬೇರೆ ಓದಿಲ್ಲ. ಲೆರ್ಮಂತೊವ್ 1840ರಲ್ಲಿ ನಮ್ಮ ಕಾಲದ ನಾಯಕ ಅನ್ನೋ ಕಾದಂಬರಿ ಪ್ರಕಟಿಸಿದಾಗ ಅದನ್ನ ಇನ್ನೂ ಒಂದು ಸುತ್ತು ತಿರುಗಿಸ್ದ. ಗ್ರುಶ್ನಿಟ್ಸ್ಕಿ ಅನ್ನೋನು ನೊಂದವನ ತರ ಕಾಣ್ಬೇಕು ಅಂತ ಸಾಮಾನ್ಯ ಸಿಪಾಯಿಯ ದಪ್ಪ ಕೋಟು ಹಾಕ್ಕೊಂಡು ಓಡಾಡ್ತಾನೆ, ಕಾದಂಬರಿಯ ನಾಯಕ ಪೆಚೋರಿನ್ ಆ ವೇಷವನ್ನ ಒಂದೇ ನೋಟಕ್ಕೆ ಹಿಡೀತಾನೆ, ಯಾಕಂದ್ರೆ ಅದೇ ರೋಗ ತನಗೆ ನಿಜವಾಗಿ ಇದೆ, ಕೊನೆಗೆ ಅವನನ್ನ ಡ್ಯುಯೆಲ್‌ನಲ್ಲಿ ಕೊಂದೂ ಹಾಕ್ತಾನೆ. ಇದು ಒಬ್ಬನ ಚಿತ್ರ ಅಲ್ಲ, ನಮ್ಮ ಇಡೀ ತಲೆಮಾರಿನ ದೋಷಗಳ ಚಿತ್ರ, ರೋಗ ತೋರಿಸಿದೀನಿ ಮದ್ದು ದೇವರಿಗೇ ಗೊತ್ತು ಅಂತ ಮುಂದಿನ ಮುದ್ರಣಕ್ಕೆ ಲೆರ್ಮಂತೊವ್ ಮುನ್ನುಡಿ ಬರೆದ. ಅದೇ 1841ರಲ್ಲಿ ಪ್ಯಾಟಿಗೋರ್ಸ್ಕ್ ಹತ್ರ ತಾನೂ ಡ್ಯುಯೆಲ್‌ನಲ್ಲೇ ಸತ್ತ, 26 ವರ್ಷ.

ಇನ್ನು ದುರ್ಯೋಧನ. ರನ್ನನ ಗದಾಯುದ್ಧದಲ್ಲಿ ಸಂಧಿ ಮಾತು ಬಂದಾಗ ಅವನು "ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ" ಅಂತಾನಲ್ಲ, ಅಂದ್ರೆ ನೆಲಕ್ಕಾಗಿ ಹೋರಾಡ್ತೀನಿ ಅಂದ್ಕೊಂಡ್ರಾ, ಛಲಕ್ಕಾಗಿ ಹೋರಾಡ್ತೀನಿ ಅಂತ, ಕರ್ಣನನ್ನ ಕೊಲ್ಲಿಸಿದ ಈ ಹಾಳು ನೆಲದ ಜೊತೆ ನಾನು ಮತ್ತೆ ಬಾಳ್ತೀನಾ ಅಂತ ಕೇಳ್ತಾನಲ್ಲ, ಅದನ್ನ ಓದಿದಾಗ ಮಿಲ್ಟನ್‌ನ ಸೈತಾನ ನೆನಪಾಗೋದು ಸಹಜ, ಬಗ್ಗಲ್ಲ ಅನ್ನೋ ಆ ಗುಣ ಇಬ್ಬರಲ್ಲೂ ಇದೆ. ಆದ್ರೆ ಅಷ್ಟಕ್ಕೇ ನಿಲ್ಲಿಸಿ. ದುರ್ಯೋಧನನ ದುಃಖಕ್ಕೆ ಗುಟ್ಟಿಲ್ಲ. ಹೆಣಗಳ ಮಧ್ಯೆ ನಡ್ಕೊಂಡು ಹೋಗ್ತಾ ದ್ರೋಣನಿಗೆ, ತಮ್ಮನಿಗೆ, ಕರ್ಣನಿಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಅಳ್ತಾನೆ, ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿದು ನಿನ್ನಂಥ ಸಾವು ನನಗೂ ಬರಲಿ ಅಂತ ಬೇಡ್ಕೋತಾನೆ. ಅವನ ಛಲ ಎಲ್ಲರ ಮುಂದೆ, ಎಲ್ಲರ ಸಲುವಾಗಿ ಇರೋದು, ಸ್ನೇಹದ ಋಣ, ಕ್ಷತ್ರಿಯ ಧರ್ಮ ಅನ್ನೋ ಹೊರಗಿನ ಅಳತೆಯನ್ನ ಅವನು ಪೂರ್ತಿ ಒಪ್ತಾನೆ, ಅದರಲ್ಲಿ ಗೆಲ್ಲೋಕೇ ಸಾಯ್ತಾನೆ. ಮ್ಯಾನ್‌ಫ್ರೆಡ್‌ಗೆ ಅಂಥ ಸಭೆಯೇ ಇಲ್ಲ. ಬಿ.ಎಂ.ಶ್ರೀ ಅವರು ರನ್ನನ ಕಾವ್ಯವನ್ನ ಗದಾಯುದ್ಧ ನಾಟಕಂ ಮಾಡಿದಾಗ, ನಾಗಚಂದ್ರನ ರಾವಣನ ಬಗ್ಗೆ ಬರೆದಾಗ, ಅವರ ಕಣ್ಣಮುಂದೆ ಇದ್ದಿದ್ದು ಗ್ರೀಕ್ ಟ್ರಾಜಿಡಿ, ನನಗೂ ಅದೇ ಸರಿಯಾದ ಹೋಲಿಕೆ ಅನ್ಸುತ್ತೆ.

ಬೈರನ್ ತಾನು ಮಾಡಿದ ಈ ಮೂರ್ತಿಯಿಂದ ತಾನೇ ಹೊರಗೆ ಬಂದ, ಇದನ್ನ ಜನ ಮರೀತಾರೆ. 1818ರಿಂದ ಬರೆಯೋಕೆ ಶುರು ಮಾಡಿದ ಡಾನ್ ಜುವಾನ್‌ನಲ್ಲಿ ಆ ಕಪ್ಪು ಮೋಡ ಇಲ್ಲ, ಹರಟೆ ಇದೆ, ನಗು ಇದೆ, ಯುದ್ಧ ಮಾಡಿಸೋ ರಾಜರ ಮೇಲೆ ನೇರವಾದ ಸಿಟ್ಟಿದೆ. 1824ರ ಜನವರಿಯಲ್ಲಿ ಗ್ರೀಕರ ಸ್ವಾತಂತ್ರ್ಯ ಹೋರಾಟಕ್ಕೆ ಕೈಯಿಂದ ದುಡ್ಡು ಹಾಕಿ ಮಿಸೊಲೊಂಗಿಗೆ ಹೋದ, ಅಲ್ಲಿ ಕತ್ತಿ ಹಿಡಿಯೋ ಅವಕಾಶಾನೇ ಬರ್ಲಿಲ್ಲ, ಸಿಪಾಯಿಗಳ ಸಂಬಳ, ಸರದಾರರ ಒಳಜಗಳ ಇದನ್ನೇ ನೋಡ್ಕೊಂಡಿದ್ದು ಜ್ವರ ಬಂತು, ಡಾಕ್ಟರುಗಳು ರಕ್ತ ತೆಗೆದೂ ತೆಗೆದೂ ಸುಸ್ತು ಮಾಡಿದ್ರು, ಏಪ್ರಿಲ್ 19ಕ್ಕೆ ತೀರ್ಕೊಂಡ, 36 ವರ್ಷ. ಕಾನ್ರಾಡ್ ಇಂಥ ಕೆಲಸ ಒಂದು ದಿನಾನೂ ಮಾಡ್ತಿರಲಿಲ್ಲ.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರಿ. ಚೈಲ್ಡ್ ಹೆರಾಲ್ಡ್‌ನಿಂದ ಬೇಡ, ಉದ್ದ ಇದೆ, ಅಲ್ಲಲ್ಲಿ ಎಳೆಯುತ್ತೆ, ಬೇಸರ ಬಂದು ಬಿಟ್ಟುಬಿಡ್ತೀರಿ. ಮ್ಯಾನ್‌ಫ್ರೆಡ್ ಒಂದು ಸಂಜೆಗೆ ಮುಗಿಯುತ್ತೆ, ಅದನ್ನ ಓದಿ, ಆಮೇಲೆ ಪ್ಯಾರಡೈಸ್ ಲಾಸ್ಟ್ ನಾಲ್ಕನೇ ಭಾಗದ ಮೊದಲ ನೂರು ಚಿಲ್ಲರೆ ಸಾಲು, ಆಮೇಲೆ ಕೋರ್ಸೇರ್, ಓದೋವಾಗ ಕಾನ್ರಾಡ್‌ಗಿಂತ ಗುಲ್ನಾರ್ ಮೇಲೆ ಕಣ್ಣಿಡಿ. ಅಷ್ಟಾದ ಮೇಲೆ ನಮ್ಮ ಕಾಲದ ನಾಯಕ, ಇಂಗ್ಲಿಷ್ ಅನುವಾದಗಳು ಸುಲಭವಾಗಿ ಸಿಗುತ್ತೆ. ಅದರಲ್ಲಿ ಬೇಲಾ ಅನ್ನೋ ಮೊದಲ ಕಥೆಯಲ್ಲಿ ಒಂದು ಹುಡುಗಿಯನ್ನ ಅವಳ ತಮ್ಮನೇ ಒಂದು ಕುದುರೆಗೆ ಬದಲಾಗಿ ಪೆಚೋರಿನ್‌ಗೆ ಕೊಟ್ಟುಬಿಡ್ತಾನೆ, ಅವಳಿಗೆ ಇವನ ಮೇಲೆ ಪ್ರೀತಿ ಹುಟ್ಟೋ ಹೊತ್ತಿಗೆ ಇವನಿಗೆ ಬೇಸರ ಬಂದಿರುತ್ತೆ. ಅದನ್ನ ಓದಿದ ಮೇಲೆ ವುದರಿಂಗ್ ಹೈಟ್ಸ್‌ನ ಇಸಬೆಲ್ಲಾ ಭಾಗಕ್ಕೆ ಮತ್ತೆ ಹೋಗಿ, ಅಲ್ಲಿ ಏನಾದ್ರೂ ಬೇರೆ ಕಂಡ್ರೆ ನನಗೆ ಬರೀರಿ.